ಬಾಗಿಲು ಹಾಕಿದ್ದೇ ಇತ್ತು, ಆದರೂ ಹೇಂಟೆ ಮಾಯ! ಬ್ಯಾಂಟಮ್ ಸಾಕುವವರು ಸ್ವಲ್ಪ ನೋಡಿ

ಹಾನುಬಾಳು ತೋಟ
ಡಿಸೆಂಬರ್ 4, ಬೆಳಗ್ಗೆ 7:20

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರ ತಾಲ್ಲೂಕು, ಹಾನುಬಾಳು ಕಡೆಯವನು. ಮೂರು ತಿಂಗಳಿಂದ ಬ್ಯಾಂಟಮ್, ಅಂದರೆ ಗಿಡ್ಡ ಜಾತಿಯ ಕೋಳಿ ಸಾಕುತ್ತಿದ್ದೇನೆ. ಮಗಳು ಹಠ ಮಾಡಿದಳು ಅಂತ ತಂದದ್ದು, ಈಗ ಅವಳಿಗಿಂತ ನನಗೇ ಹುಚ್ಚು ಜಾಸ್ತಿ. ಒಂದು ಜಪಾನಿ ಹುಂಜ, ಎರಡು ಜಪಾನಿ ಹೇಂಟೆ, ಒಂದು ಬಿಳಿ ಸಿಲ್ಕಿ ತಳಿಯದು, ಉಳಿದ ಐದು ಮಿಶ್ರ ತಳಿಯ ಗಿಡ್ಡ ಹೇಂಟೆಗಳು. ಒಟ್ಟು ಒಂಬತ್ತು ಇದ್ದವು. ಈಗ ಏಳು.

ಮೊದಲನೆಯದು ಹೋಗಿ ಎಂಟು ದಿನ ಆಯಿತು. ಎರಡನೆಯದು ನಿನ್ನೆ ರಾತ್ರಿ. ಗೂಡು ಇರುವುದು ಕಾಫಿ ಗೋಡೌನಿನ ಪಕ್ಕಕ್ಕೆ ಇಳಿಸಿದ ಮಾಡಿನಲ್ಲಿ. ಮೂರು ಕಡೆ ಗೋಡೆ, ಮುಂದೆ ಜಾಲರಿ, ಸಿಲ್ವರ್ ಓಕ್ ಹಲಗೆಯ ಬಾಗಿಲು. ಸಂಜೆ ಆರಕ್ಕೆ ನಾನೇ ಚಿಲಕ ಹಾಕುತ್ತೇನೆ. ಬೆಳಗ್ಗೆ ನೋಡಿದರೆ ಚಿಲಕ ಹಾಕಿದ ಹಾಗೇ ಇದೆ, ಜಾಲರಿ ಹರಿದಿಲ್ಲ, ರಕ್ತ ಇಲ್ಲ. ನಾಲ್ಕೈದು ಪುಕ್ಕ ಬಿದ್ದಿದ್ದವು, ಅಷ್ಟೇ. ನಾಯಿ ಕಟ್ಟಿ ಹಾಕಿದ್ದೆವು, ಅದು ಒಂದೆರಡು ಸಲ ಬೊಗಳಿ ಸುಮ್ಮನಾಯಿತಂತೆ.

ಗೋಡೆ ಮೇಲೆ ಕಾಫಿ ಬೀಜ ತುಂಬಿದ ಹಿಕ್ಕೆ ಸಿಕ್ಕಿದೆ. ಅದು ಪುನುಗು ಬೆಕ್ಕಿನದೇ ಅಂತ ಗೊತ್ತು, ನಮ್ಮ ಕಡೆ ಕಬ್ಬೆಕ್ಕು ಅನ್ನುತ್ತೇವೆ. ಆದರೆ ಮುಚ್ಚಿದ ಗೂಡಿನೊಳಗೆ ಅದು ಹೋಗಿದ್ದು ಹೇಗೆ?

ಅರಸೀಕೆರೆ ತೆಂಗು
ಡಿಸೆಂಬರ್ 4, ಬೆಳಗ್ಗೆ 8:05

ಜಾಲರಿ ಅಂದ್ರಲ್ಲ, ಯಾವ ಜಾಲರಿ? ಆರು ಮೂಲೆಯ ತೂತಿನ ತೆಳು ತಂತಿಯದಾ? ಅದು ಕೋಳಿ ಹೊರಗೆ ಹೋಗದ ಹಾಗೆ ಮಾಡುತ್ತದೆಯೇ ಹೊರತು ಬೇರೆಯವರು ಒಳಗೆ ಬರದ ಹಾಗೆ ಮಾಡುವುದಿಲ್ಲ. ನಾಯಿ ಎರಡು ಸಲ ಹಲ್ಲು ಹಾಕಿ ಎಳೆದರೆ ಕಿತ್ತು ಬರುತ್ತದೆ. ಎರಡು ಮಳೆಗಾಲ ಕಳೆದರೆ ಕೈಯಲ್ಲೇ ಪುಡಿ ಆಗುತ್ತದೆ. ನಾನು ಕಲಿತದ್ದು ಹನ್ನೊಂದು ಕೋಳಿ ಕಳೆದುಕೊಂಡ ಮೇಲೆ.

ಅರ್ಧ ಇಂಚಿನ ವೆಲ್ಡ್ ಮೆಶ್, ಅಂದರೆ ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ ಹಾಕಿಸಿ. ದುಡ್ಡು ಜಾಸ್ತಿ, ನಿಜ. ಪೂರ್ತಿ ಆಗದಿದ್ದರೆ ಕೆಳಗಿನ ಎರಡು ಅಡಿಗಾದರೂ ಹಾಕಿ. ಇನ್ನೊಂದು ವಿಷಯ, ಒಂದು ಇಂಚಿನ ತೂತು ಇದ್ದರೆ ಬ್ಯಾಂಟಮ್ ಮರಿ ತಾನೇ ನುಸುಳಿ ಹೊರಗೆ ಬಂದುಬಿಡುತ್ತದೆ. ತಾಯಿ ಒಳಗೆ, ಮರಿ ಹೊರಗೆ, ಕಾಗೆ ಮೇಲೆ. ಆಮೇಲೆ ಕೇಳುವುದೇ ಬೇಡ.

ಹಾನುಬಾಳು ತೋಟ
ಡಿಸೆಂಬರ್ 4, ಬೆಳಗ್ಗೆ 8:30

ಹೌದಣ್ಣ, ಅದೇ ತೆಳು ಜಾಲರಿ. ಆದರೆ ಎಲ್ಲೂ ಹರಿದಿಲ್ಲ. ಬೆರಳು ಹಾಕಿ ಪೂರ್ತಿ ತಡವಿ ನೋಡಿದೆ.

ಆಲೂರಿನ ಅಕ್ಕ
ಡಿಸೆಂಬರ್ 4, ಮಧ್ಯಾಹ್ನ 1:15

ತಮ್ಮಾ, ಮೊದಲು ಒಂದು ಹೇಳು. ಸಂಜೆ ಎಣಿಸಿ ಬಾಗಿಲು ಹಾಕಿದೆಯಾ, ಇಲ್ಲ ಸುಮ್ನೆ ಹಾಕಿದೆಯಾ? ಈ ಗಿಡ್ಡ ಕೋಳಿಗಳು ಹಗುರ, ಪುರ್ ಅಂತ ಹಾರುತ್ತವೆ. ನಮ್ಮನೆಯಲ್ಲಿ ಒಂದು ಹೇಂಟೆ ಗೂಡಿಗೆ ಬರುವ ಹಾಗೆ ನಾಟಕ ಮಾಡಿ, ಎಲ್ಲವೂ ಒಳಗೆ ಹೋಗುವಾಗ ಹಲಸಿನ ಮರ ಹತ್ತುತ್ತಿತ್ತು. ಒಂದು ದಿನ ಬೆಳಗ್ಗೆ ಮರದ ಕೆಳಗೆ ಬರೀ ರೆಕ್ಕೆ. ಗೂಡಿನಿಂದ ಹೋಯಿತು ಅಂತ ನಾವು ಗೂಡು ರಿಪೇರಿ ಮಾಡಿದ್ದೇ ಮಾಡಿದ್ದು.

ಕಾಫಿ ಕುಯ್ಲಿನ ಟೈಮಲ್ಲಿ ಸಂಜೆ ಯಾರಿಗೂ ಪುರುಸೊತ್ತು ಇರುವುದಿಲ್ಲ. ನೀನು ಆಳುಗಳ ಲೆಕ್ಕ ಬರೆದು, ಕಣದ ಹಣ್ಣು ಮುಚ್ಚಿಸಿ, ಆಮೇಲೆ ಕೋಳಿ ಕಡೆ ಓಡಿರುತ್ತೀಯ.

ಹಾನುಬಾಳು ತೋಟ
ಡಿಸೆಂಬರ್ 4, ರಾತ್ರಿ 9:10

ಅಕ್ಕಾ, ನೀವು ನಮ್ಮನೆ ಹಿಂದೆಯೇ ನಿಂತು ನೋಡಿದ ಹಾಗಿದೆ. ಮೊದಲ ಸಲ ಎಣಿಸಿರಲಿಲ್ಲ. ಎರಡನೇ ಸಲ ಮಾತ್ರ ಮಗಳು ಎಣಿಸಿದ್ದಾಳೆ, ಎಂಟಿತ್ತು ಅಂತ ಆಣೆ ಮಾಡುತ್ತಾಳೆ.

ಕಳಸದ ಮಳೆ
ಡಿಸೆಂಬರ್ 5, ಬೆಳಗ್ಗೆ 6:50

ಹಾವು ಇರಬಹುದಾ? ಆಗಸ್ಟಿನಲ್ಲಿ ನಮ್ಮ ಗೂಡಿಗೆ ನಾಗರ ಬಂದಿತ್ತು. ಕಾವಿಗೆ ಕೂತ ಹೇಂಟೆ ಸತ್ತು ಬಿದ್ದಿತ್ತು, ಮೈ ಮೇಲೆ ಗಾಯ ಕಾಣಲಿಲ್ಲ. ಏಳು ಮೊಟ್ಟೆಯಲ್ಲಿ ಒಂದೂ ಇಲ್ಲ, ಒಂದು ಚೂರು ಸಿಪ್ಪೆಯೂ ಇಲ್ಲ. ಸಿಪ್ಪೆ ಇಲ್ಲದೆ ಮೊಟ್ಟೆ ಹೋಯಿತು ಅಂದರೆ ನಾನು ಮೊದಲು ಹಾವಿನ ಮೇಲೇ ಅನುಮಾನ ಪಡುತ್ತೇನೆ. ಕಾಗೆ ಆದರೆ ಕುಕ್ಕಿ ತೂತು ಮಾಡಿ ಬಿಟ್ಟು ಹೋಗುತ್ತದೆ. ಹೆಗ್ಗಣ ಆದರೆ ಮೂಲೆಯಲ್ಲಿ ಮಣ್ಣು ಗುಡ್ಡೆ ಬಿದ್ದಿರುತ್ತದೆ.

ನಮ್ಮದೇ ಒಂದು ತಪ್ಪು ಹೇಳುತ್ತೇನೆ. ಹಾವು ಬರದಿರಲಿ ಅಂತ ಗೂಡಿನ ಸುತ್ತ ನೆಲಕ್ಕೆ ನೈಲಾನ್ ಮೀನುಬಲೆ ಬಿಟ್ಟಿದ್ದೆವು. ಒಂದು ಕೇರೆ ಹಾವು ಅದರೊಳಗೆ ಸಿಕ್ಕಿಕೊಂಡು ರಾತ್ರಿಯೆಲ್ಲ ಒದ್ದಾಡಿದೆ. ಬೆಳಗ್ಗೆ ನೋಡುವಾಗ ದಾರ ಚರ್ಮದೊಳಗೆ ಇಳಿದಿತ್ತು. ಹಾವು ಹಿಡಿಯುವವರು ಬಂದು ಕತ್ತರಿಯಲ್ಲಿ ಒಂದೊಂದೇ ಎಳೆ ಬಿಡಿಸಿದರು. ಅರ್ಧ ಗಂಟೆ ಬೇಕಾಯಿತು. ಗೂಡಿನ ಇಲಿ ತಿನ್ನಲು ಬಂದ ಹಾವು ಅದು. ಬಲೆ ಬೇಕಾದರೆ ಮೇಲೆ ಕಟ್ಟಿ, ಹದ್ದಿಗೆ. ನೆಲಕ್ಕೆ ಮಾತ್ರ ಬಿಡಬೇಡಿ.

ಪಶುವೈದ್ಯ, ಹಾಸನ
ಡಿಸೆಂಬರ್ 5, ಬೆಳಗ್ಗೆ 10:40

ಪೂರ್ತಿ ಬೆಳೆದ ಹೇಂಟೆಯನ್ನು ನುಂಗಬೇಕು ಅಂದರೆ ಹೆಬ್ಬಾವೇ ಆಗಬೇಕು. ಹೆಬ್ಬಾವು ಕೋಳಿ ನುಂಗಿದ ಮೇಲೆ ಬಂದ ತೂತಿನಲ್ಲಿ ವಾಪಸ್ ಹೋಗಲಾರದೆ ಸಾಮಾನ್ಯವಾಗಿ ಗೂಡಿನಲ್ಲೇ ಸುರುಳಿ ಸುತ್ತಿ ಮಲಗಿರುತ್ತದೆ. ನಾಗರಹಾವು, ಕೇರೆಹಾವು ಬರುವುದು ಮೊಟ್ಟೆಗೆ, ಮರಿಗೆ, ಇಲಿಗೆ. ಹಾಗಾಗಿ ಇಲ್ಲಿ ಹಾವಲ್ಲ ಅನ್ನಿಸುತ್ತದೆ.

ಯಾರು ಬಂದರು ಅಂತ ತಿಳಿಯಲು ಮೊದಲು ಹೊತ್ತು ನೋಡಿ. ಮುಂಗುಸಿ ಹಗಲಿನದು. ಬೆಳಗ್ಗೆ ಒಂಬತ್ತಕ್ಕೋ ಮಧ್ಯಾಹ್ನವೋ ಬಂದು ಕತ್ತಿಗೆ ಬಾಯಿ ಹಾಕುತ್ತದೆ. ಸಿಕ್ಕರೆ ಎರಡು ಮೂರನ್ನು ಕೊಂದು ಒಂದನ್ನು ಎಳೆದುಕೊಂಡು ಹೋಗುತ್ತದೆ. ಪುನುಗು, ಕಾಡುಬೆಕ್ಕು ರಾತ್ರಿಯವು, ಹೆಚ್ಚಾಗಿ ಒಂದನ್ನೇ ಒಯ್ಯುತ್ತವೆ. ನಾಯಿ ನುಗ್ಗಿದ್ದರೆ ನಿಮಗೆ ಹೇಳಬೇಕಾಗಿಯೇ ಇರಲಿಲ್ಲ, ಅಂಗಳ ತುಂಬ ಪುಕ್ಕ, ಸತ್ತವನ್ನು ತಿನ್ನದೆ ಬಿಟ್ಟು ಹೋಗಿರುತ್ತವೆ.

ಒಂದು ಕೆಲಸ ಮಾಡಿ. ಸಂಜೆ ಕೋಳಿ ಒಳಗೆ ಹೋದ ಮೇಲೆ ಒಲೆ ಬೂದಿಯನ್ನು ಜರಡಿ ಹಿಡಿದು ಬಾಗಿಲ ಹೊರಗೆ, ಒಳಗೆ, ಗೋಡೆ ಬದಿಯಲ್ಲಿ ತೆಳುವಾಗಿ ಹರಡಿ. ಬೆಳಗ್ಗೆ ಹೆಜ್ಜೆ ನೋಡಿ. ಬೆಕ್ಕಿನ ಜಾತಿಯದಾದರೆ ನಾಲ್ಕು ಬೆರಳು, ಉಗುರು ಮೂಡುವುದಿಲ್ಲ. ನಾಯಿ, ನರಿಗೂ ನಾಲ್ಕೇ, ಆದರೆ ಉಗುರಿನ ಗುರುತು ಇರುತ್ತದೆ. ಪುನುಗಿಗೆ ಐದು ಬೆರಳು. ಹೆಸರಿಗೆ ಬೆಕ್ಕು, ಆದರೆ ಅದು ಬೆಕ್ಕಿನ ಕುಟುಂಬದ್ದಲ್ಲ.

ಕಡೂರು ರಾಗಿ
ಡಿಸೆಂಬರ್ 5, ಮಧ್ಯಾಹ್ನ 12:20

ಇಷ್ಟೆಲ್ಲ ತಲೆಬಿಸಿ ಯಾಕೆ ಸಾರ್? ಒಂದು ಮೊಟ್ಟೆಗೆ [ಈ ಭಾಗ ತೆಗೆದುಹಾಕಲಾಗಿದೆ]. ಇಲ್ಲದಿದ್ದರೆ ಮನೆ ಕರೆಂಟನ್ನೇ ಒಂದು ತಂತಿಗೆ [ಈ ಭಾಗ ತೆಗೆದುಹಾಕಲಾಗಿದೆ].

ನಿರ್ವಾಹಕ
ಡಿಸೆಂಬರ್ 5, ಮಧ್ಯಾಹ್ನ 12:45

ಮೇಲಿನ ಬರಹದ ಎರಡು ಸಾಲು ತೆಗೆದಿದ್ದೇನೆ. ವಿಷ, ಉರುಳು, ಮನೆ ಕರೆಂಟು, ಈ ಮೂರರ ಮಾತು ಇಲ್ಲಿ ಬೇಡ. ಪುನುಗು, ಮುಂಗುಸಿ, ಉಡ, ಕಾಡುಬೆಕ್ಕು ಎಲ್ಲವೂ 1972ರ ವನ್ಯಜೀವಿ ಕಾಯ್ದೆಯಲ್ಲಿ ರಕ್ಷಣೆ ಪಡೆದವು. ಕೊಲ್ಲುವುದೂ ಹಿಡಿಯುವುದೂ ಅಪರಾಧ. ವಿಷದ ಮೊಟ್ಟೆ ತಿನ್ನುವುದು ಪಕ್ಕದ ಮನೆ ನಾಯಿ. ಕರೆಂಟಿನ ತಂತಿ ತುಳಿಯುವುದು ಬೆಳಗಿನ ಜಾವ ಹಾಲು ಕರೆಯಲು ಹೋಗುವ ಮನುಷ್ಯ.

ಕಡೂರು ರಾಗಿ
ಡಿಸೆಂಬರ್ 5, ಮಧ್ಯಾಹ್ನ 1:30

ಸರಿ ಸರಿ, ತಪ್ಪಾಯಿತು. ನಮ್ಮಪ್ಪನ ಕಾಲದ ಐಡಿಯಾ ಅದು. ನನ್ನ ಆರು ಗಿರಿರಾಜ ಕೋಳಿ ಹೋದ ಸಿಟ್ಟಿನಲ್ಲಿ ಬರೆದೆ.

ಬೇಲೂರು ಟು ಬೆಂಗಳೂರು
ಡಿಸೆಂಬರ್ 5, ರಾತ್ರಿ 8:00

ನಾನು ಅಪ್ಪ ಅಮ್ಮನಿಗೆ ಅಂತ ಆಟೊಮ್ಯಾಟಿಕ್ ಬಾಗಿಲು ಹಾಕಿಸಿದ್ದೆ. ಬೆಳಕು ಕಡಿಮೆ ಆದರೆ ತಾನೇ ಮುಚ್ಚುತ್ತದೆ, ಬೆಳಗ್ಗೆ ತಾನೇ ತೆರೆಯುತ್ತದೆ. ಚೆನ್ನಾಗಿಯೇ ಇತ್ತು. ಜುಲೈನಲ್ಲಿ ಒಂದು ದಿನ ಮೋಡ ಕವಿದು ಮಧ್ಯಾಹ್ನ ಮೂರಕ್ಕೇ ಕತ್ತಲಾಯಿತು. ಬಾಗಿಲು ಮುಚ್ಚಿತು. ಕೋಳಿಗಳೆಲ್ಲ ಹೊರಗೆ, ಮಳೆಯಲ್ಲಿ. ಅಮ್ಮ ಫೋನ್ ಮಾಡಿ ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಈಗ ಅಮ್ಮನೇ ಚಿಲಕ ಹಾಕುತ್ತಾರೆ.

ನಿಮಗೆ ಉಪಯೋಗ ಆಗುವ ಮಾತು ಅಂದರೆ, ಹಳೆ ಮೊಬೈಲ್ ಇದ್ದರೆ ಅದನ್ನು ಕ್ಯಾಮೆರಾ ಮಾಡಿ ಗೂಡಿನ ಮುಂದೆ ಇಡಿ. ಮಂದ ಬಲ್ಬು ಒಂದು ಉರಿಯಲಿ.

ಹಾನುಬಾಳು ತೋಟ
ಡಿಸೆಂಬರ್ 9, ಬೆಳಗ್ಗೆ 7:00

ಇನ್ನೊಂದು ಹೋಯಿತು. ಈಗ ಆರು.

ಮೂರು ರಾತ್ರಿ ಮೊಬೈಲ್ ಇಟ್ಟೆ. ಬಾಗಿಲ ಕಡೆಗೇ ತಿರುಗಿಸಿ ಇಟ್ಟಿದ್ದೆ. ನಿನ್ನೆ ರಾತ್ರಿಯ ವೀಡಿಯೊ ಪೂರ್ತಿ ಓಡಿಸಿ ನೋಡಿದೆ. ಒಂದು ಕಪ್ಪೆ ಬಂತು, ನಮ್ಮ ನಾಯಿ ಮೂಸಿ ಹೋಯಿತು. ಬಾಗಿಲಿಗೆ ಯಾರೂ ಬರಲೇ ಇಲ್ಲ. ಎರಡೂ ಹತ್ತಕ್ಕೆ ಕೋಳಿಗಳು ಗದ್ದಲ ಮಾಡಿದ್ದು ಕೇಳಿಸುತ್ತದೆ, ಒಂದು ನಿಮಿಷವೂ ಇಲ್ಲ. ಆಮೇಲೆ ಸುಮ್ಮನೆ.

ಬೂದಿಯೂ ಹಾಕಿದ್ದೆ ಡಾಕ್ಟ್ರೇ. ಹೊರಗಡೆ ನಮ್ಮ ನಾಯಿಯದು ಬಿಟ್ಟರೆ ಒಂದೇ ಒಂದು ಹೆಜ್ಜೆ ಇಲ್ಲ. ಒಳಗಡೆ ಮಾತ್ರ ಇದೆ! ಕೋಳಿ ಕೂರುವ ಕೋಲಿನ ಕೆಳಗೆ ಎರಡು ಹೆಜ್ಜೆ. ಕೂತು ಎಣಿಸಿದೆ, ಐದು ಬೆರಳು. ಹೆಂಡತಿ ದೆವ್ವ ಅನ್ನುತ್ತಿದ್ದಾಳೆ. ತಮಾಷೆಗೆ ಅಂದುಕೊಂಡಿದ್ದೇನೆ.

ಆಲೂರಿನ ಅಕ್ಕ
ಡಿಸೆಂಬರ್ 9, ಬೆಳಗ್ಗೆ 9:30

ಹೋದ ಮೂರೂ ಯಾವುವು? ಎಲ್ಲಿ ಕೂರುತ್ತಿದ್ದವು?

ಹಾನುಬಾಳು ತೋಟ
ಡಿಸೆಂಬರ್ 9, ಬೆಳಗ್ಗೆ 9:50

ಮೂರೂ ಮಿಶ್ರ ತಳಿಯವೇ. ಎಲ್ಲಕ್ಕಿಂತ ಮೇಲಿನ ಕೋಲಿನಲ್ಲಿ ಕೂರುತ್ತಿದ್ದವು. ಜಪಾನಿಯವಕ್ಕೆ ಕಾಲು ಗಿಡ್ಡ, ಅವು ಕೆಳಗಿನ ಕೋಲು. ಸಿಲ್ಕಿ ನೆಲದಲ್ಲೇ ಹುಲ್ಲಿನ ಮೇಲೆ.

ಆಲೂರಿನ ಅಕ್ಕ
ಡಿಸೆಂಬರ್ 9, ಬೆಳಗ್ಗೆ 10:05

ಅಲ್ವಾ ಮತ್ತೆ! ಬಾಗಿಲಲ್ಲಿ ಬಂದಿದ್ದರೆ ಮೊದಲು ಸಿಕ್ಕುವುದು ಯಾವುದು? ಹಾರಲಿಕ್ಕೂ ಬಾರದ ಆ ಬಿಳಿ ಸಿಲ್ಕಿ. ಕತ್ತಲಲ್ಲಿ ಹತ್ತಿಯ ಉಂಡೆ ಹಾಗೆ ಕಾಣುತ್ತಿರುತ್ತದೆ. ಅದನ್ನು ಮುಟ್ಟದೆ ಮೇಲಿನದನ್ನೇ ಒಯ್ಯುತ್ತಿದೆ ಅಂದರೆ ಕಳ್ಳ ಬರುತ್ತಿರುವುದು ಮೇಲಿನಿಂದ. ನಿನ್ನ ಮಾಡು ಯಾವುದು? ಹೆಂಚಾ, ಶೀಟಾ?

ಹಾನುಬಾಳು ತೋಟ
ಡಿಸೆಂಬರ್ 9, ಮಧ್ಯಾಹ್ನ 12:30

ಹೆಂಚು. ಏಣಿ ಹಾಕಿ ಹತ್ತಿದೆ ಅಕ್ಕಾ.

ಸೂರಿನಿಂದ ಎರಡನೇ ಸಾಲಿನಲ್ಲಿ ಒಂದು ಹೆಂಚು ಸ್ವಲ್ಪ ಸೊಟ್ಟ ಕೂತಿತ್ತು. ಕೆಳಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಎರಡು ಬೆರಳಲ್ಲಿ ಎತ್ತಿದರೆ ಎದ್ದು ಬರುತ್ತದೆ, ಬಿಟ್ಟರೆ ತಾನೇ ಟಪ್ ಅಂತ ಕೂರುತ್ತದೆ. ಹೆಂಚಿನ ಅಂಚಿಗೆ ಪಾಚಿ ಉಜ್ಜಿ ಹೋಗಿ ನುಣ್ಣಗಾಗಿದೆ. ರೀಪಿನ ಮೊಳೆಗೆ ಕಂದು ಪುಕ್ಕ ಸಿಕ್ಕಿಕೊಂಡಿದೆ. ಅದರ ನೇರ ಮೇಲೆ ಹಲಸಿನ ಕೊಂಬೆ, ಕೊಂಬೆಯ ಕವಲಿನಲ್ಲಿ ಒಂದು ರಾಶಿ ಪುಕ್ಕ ಮತ್ತು ಒಂದು ಕಾಲು. ಅಲ್ಲೇ ಕೂತು ಊಟ ಮುಗಿಸಿದ್ದಾನೆ.

ನಾನು ಮೂರು ರಾತ್ರಿ ಬಾಗಿಲಿಗೆ ಕ್ಯಾಮೆರಾ ಹಿಡಿದು ಕೂತಿದ್ದೆ. ಅವನು ನನ್ನ ತಲೆ ಮೇಲಿಂದ ಇಳಿದು ಹೋಗಿದ್ದಾನೆ.

ಪಶುವೈದ್ಯ, ಹಾಸನ
ಡಿಸೆಂಬರ್ 9, ಮಧ್ಯಾಹ್ನ 2:10

ಅಕ್ಕನಿಗೆ ನಮಸ್ಕಾರ. ನಾವು ಓದಿದ್ದು ದಂಡ.

ಪುನುಗು ಮುಖ್ಯವಾಗಿ ಹಣ್ಣು ತಿನ್ನುವ ಪ್ರಾಣಿ. ಕಾಫಿ ಹಣ್ಣಾಗುವ ಈ ತಿಂಗಳುಗಳಲ್ಲಿ ತೋಟದಲ್ಲಿ ಅದಕ್ಕೆ ಹಬ್ಬ. ಮರ ಹತ್ತುವುದರಲ್ಲಿ, ಹಳೆ ಮನೆಗಳ ಅಟ್ಟದಲ್ಲಿ ವಾಸ ಮಾಡುವುದರಲ್ಲಿ ಎತ್ತಿದ ಕೈ. ನಿಮ್ಮ ಗೂಡು ಕಣದ ಪಕ್ಕವೇ ಇದೆ ಅನ್ನಿಸುತ್ತದೆ. ಅದು ಕಾಫಿ ಹಣ್ಣಿಗೆ ಬಂದಿದೆ, ದಾರಿಯಲ್ಲಿ ಕೋಳಿ ವಾಸನೆ ಹಿಡಿದಿದೆ. ರಾತ್ರಿ ಕೋಳಿಗೆ ಕಣ್ಣು ಕಾಣುವುದು ಬಹಳ ಕಡಿಮೆ. ಕೂತಲ್ಲೇ ಕೂತಿರುತ್ತದೆ, ಹಣ್ಣು ಕಿತ್ತ ಹಾಗೆ ಕಿತ್ತುಕೊಂಡು ಹೋಗಬಹುದು.

ಹೆಂಚನ್ನು ಬರೀ ಕಟ್ಟಿದರೆ ಸಾಲದು, ಪಕ್ಕದ್ದನ್ನು ಎತ್ತುತ್ತದೆ. ಹೆಂಚಿನ ಕೆಳಗೆ, ರೀಪಿನ ಅಡಿಗೆ ಪೂರ್ತಿ ವೆಲ್ಡ್ ಮೆಶ್ ಹೊಡೆಯಿರಿ. ಮೊಳೆ ಬೇಡ, ವಾಷರ್ ಹಾಕಿ ಸ್ಕ್ರೂ ಬಿಗಿಯಿರಿ. ಗಾಳಿ ಆಡಲು ಏನೂ ತೊಂದರೆ ಇಲ್ಲ. ಹಲಸಿನ ಕೊಂಬೆಯನ್ನು ಮಾಡಿನಿಂದ ಆರೇಳು ಅಡಿ ದೂರಕ್ಕೆ ಕಡಿಸಿ.

ಅರಸೀಕೆರೆ ತೆಂಗು
ಡಿಸೆಂಬರ್ 9, ಸಂಜೆ 6:40

ನೆಲದ ಕಡೆಯನ್ನೂ ಮರೆಯಬೇಡಿ. ಮೇಲೆ ಬಂದ್ ಆದರೆ ಕೆಳಗೆ ಅಗೆಯುವವರು ಇದ್ದಾರೆ. ನಾನು ಜಾಲರಿಯನ್ನು ಒಂದು ಅಡಿ ಮಣ್ಣಿಗೆ ಇಳಿಸಿ, ಅಲ್ಲಿಂದ ಹೊರಕ್ಕೆ ಎಲ್ ಆಕಾರದಲ್ಲಿ ಒಂದೂವರೆ ಅಡಿ ಮಲಗಿಸಿ ಮಣ್ಣು ಮುಚ್ಚಿದ್ದೇನೆ. ಹೆಗ್ಗಣವಾಗಲಿ ನಾಯಿಯಾಗಲಿ ಗೋಡೆ ಬುಡಕ್ಕೇ ಬಂದು ಅಗೆಯುತ್ತವೆ, ಕಾಲಿಗೆ ತಂತಿ ಸಿಗುತ್ತದೆ, ಸ್ವಲ್ಪ ಹಿಂದೆ ಸರಿದು ಅಗೆಯುವ ಬುದ್ಧಿ ಅವಕ್ಕೆ ಬರುವುದಿಲ್ಲ. ಇಲ್ಲಿಯವರೆಗೆ ಬಂದಿಲ್ಲ ಅಂತ ಹೇಳಿದರೆ ಸರಿ.

ಹಗಲಿನ ಕಥೆ ಬೇರೆ. ನಮ್ಮದು ಬಯಲು ಸೀಮೆ, ತೆಂಗಿನ ತೋಟ, ಕೆಳಗೆಲ್ಲ ಖಾಲಿ. ಮುಂಗುಸಿ ಮತ್ತು ಗಿಡುಗ, ಎರಡೂ ಹಗಲು ಪಾಳಿ. ಹದ್ದಿಗೆ ಅಂತ ಹಳೆ ಸಿಡಿಗಳನ್ನು ದಾರಕ್ಕೆ ಕಟ್ಟಿ ತೂಗು ಹಾಕಿದೆ. ನಾಲ್ಕು ದಿನ ಹೆದರಿತು. ಐದನೇ ದಿನ ಸಿಡಿ ಕಟ್ಟಿದ ಕಂಬದ ಮೇಲೇ ಕೂತು ರೆಕ್ಕೆ ಒಣಗಿಸುತ್ತಿತ್ತು. ಕೆಲಸ ಕೊಟ್ಟದ್ದು ತೆಂಗಿನ ಗರಿ. ಎರಡೆರಡು ಒಣಗರಿಯನ್ನು ಕಲ್ಲಿಗೆ ಒರಗಿಸಿ ಹತ್ತು ಹೆಜ್ಜೆಗೊಂದು ಗುಡಿಸಲು ಮಾಡಿ ಬಿಟ್ಟಿದ್ದೇನೆ. ಹುಂಜ ಕೂಗಿದ ಕೂಡಲೇ ಎಲ್ಲ ಅದರ ಕೆಳಗೆ.

ಹುಂಜದ ಕೂಗು ಕೇಳಿ ಕಲಿಯಿರಿ. ಮೇಲೆ ಹದ್ದು ಕಂಡರೆ ಒಂದೇ ಉದ್ದದ ಸಣ್ಣ ಕೀರಲು ದನಿ, ಆಮೇಲೆ ಎಲ್ಲ ಗಪ್‌ಚುಪ್. ನೆಲದಲ್ಲಿ ನಾಯಿ, ಮುಂಗುಸಿ ಬಂದರೆ ಕೊಕ್ ಕೊಕ್ ಕೊಕ್ ಕೊಕಾಕ್ ಅಂತ ನಿಲ್ಲಿಸದೆ ಬೈಗುಳ. ನಾನು ಈಗ ಪಂಪ್‌ಸೆಟ್ ಮನೆಯಲ್ಲಿ ಕೂತೇ ಮೇಲೆ ನೋಡಬೇಕಾ ಕೆಳಗೆ ನೋಡಬೇಕಾ ಅಂತ ಹೇಳುತ್ತೇನೆ. ಬ್ಯಾಂಟಮ್ ಹುಂಜ ಅಂಗೈ ಅಗಲ ಇದ್ದರೂ ಬಾಯಿ ಮಾತ್ರ ಪಂಚಾಯಿತಿ ಮೆಂಬರ್ ಥರ.

ಕಳಸದ ಮಳೆ
ಡಿಸೆಂಬರ್ 9, ರಾತ್ರಿ 8:15

ಅಣ್ಣ ಹೇಳಿದ್ದು ನೂರಕ್ಕೆ ನೂರು. ನಮ್ಮಲ್ಲಿ ಕಾಫಿ ಗಿಡದ ಅಡಿಯಲ್ಲಿ ಮೇಯುವಷ್ಟು ಹೊತ್ತು ಹದ್ದಿನ ಭಯ ಇಲ್ಲ, ಆದರೆ ಅದೇ ಗಿಡದ ಅಡಿಯಲ್ಲಿ ಮುಂಗುಸಿಗೂ ಮರೆ. ಕೆಂಬೂತವನ್ನೂ ಲೆಕ್ಕಕ್ಕೆ ತಗೊಳ್ಳಿ. ಪಾಪದ ಹಕ್ಕಿ ಥರ ಗುಮ್ ಗುಮ್ ಅಂತ ನಡೆದುಕೊಂಡು ಬಂದು ಎಳೆ ಮರಿ ಎತ್ತಿಕೊಂಡು ಹೋಗುತ್ತದೆ. ಯಾರೂ ಅದರ ಮೇಲೆ ಅನುಮಾನ ಪಡುವುದಿಲ್ಲ.

ಹಾನುಬಾಳು ತೋಟ
ಡಿಸೆಂಬರ್ 10, ಬೆಳಗ್ಗೆ 6:30

ಇನ್ನೊಂದು ತಲೆನೋವು. ಒಂದು ಜಪಾನಿ ಹೇಂಟೆ ನವೆಂಬರ್ 30ರಿಂದ ಎಂಟು ಮೊಟ್ಟೆ ಮೇಲೆ ಕಾವಿಗೆ ಕೂತಿದೆ, ಅದೇ ಗೂಡಿನ ಮೂಲೆಯಲ್ಲಿ. ಮೆಶ್ ಬರುವುದು ನಾಡಿದ್ದು. ಅಲ್ಲಿಯವರೆಗೆ ಏನು ಮಾಡುವುದು? ಎಬ್ಬಿಸಿದರೆ ಕಾವು ಬಿಟ್ಟುಬಿಡುತ್ತದಾ?

ಆಲೂರಿನ ಅಕ್ಕ
ಡಿಸೆಂಬರ್ 10, ಬೆಳಗ್ಗೆ 7:10

ಹಗಲು ಮುಟ್ಟಬೇಡ. ರಾತ್ರಿ ಎಂಟು ಗಂಟೆ ಆದ ಮೇಲೆ ದೀಪ ಹಾಕದೆ ಹೋಗು. ಒಂದು ಮಂಕರಿಗೆ ಬೂದಿ ಹಾಕಿ, ಮೇಲೆ ಭತ್ತದ ಹುಲ್ಲು ಹಾಸಿ, ನಡುವೆ ಮುಷ್ಟಿಯಲ್ಲಿ ಒತ್ತಿ ಗುಳಿ ಮಾಡು. ಮೊದಲು ಮೊಟ್ಟೆ ಇಡು. ಆಮೇಲೆ ಹೇಂಟೆಯ ಹೊಟ್ಟೆ ಕೆಳಗೆ ಎರಡೂ ಕೈ ಹಾಕಿ ಎತ್ತಿ ಅದರ ಮೇಲೆ ಕೂರಿಸು. ರೆಕ್ಕೆ ಸಂದಿಯಲ್ಲಿ ಒಂದು ಮೊಟ್ಟೆ ಸಿಕ್ಕಿಕೊಂಡಿರುತ್ತದೆ, ನೋಡಿಕೊ, ಎತ್ತುವಾಗ ಬಿದ್ದು ಒಡೆಯುತ್ತದೆ. ಇನ್ನೊಂದು ಮಂಕರಿ ಬೋರಲು ಮುಚ್ಚಿ ಮೇಲೆ ಕಲ್ಲಿಡು. ಅಡುಗೆಮನೆ ಮೂಲೆಯಲ್ಲಿ ಇಟ್ಟರೆ ಬೆಚ್ಚಗೂ ಆಯಿತು. ದಿನಕ್ಕೊಂದು ಸಲ ಕಾಳು, ನೀರಿಗೆ ಬಿಡು. ಕಾಲು ಗಂಟೆಯಲ್ಲಿ ತಾನೇ ವಾಪಸ್ ಬಂದು ಕೂರುತ್ತದೆ. ಗಿಡ್ಡ ಕೋಳಿಯಷ್ಟು ನಿಷ್ಠೆಯಿಂದ ಕಾವು ಕೂರುವುದು ಬೇರೆ ಯಾವುದೂ ಇಲ್ಲ.

ಮಂಕರಿಯಲ್ಲಿ ಒಂದು ಕಬ್ಬಿಣದ ತುಂಡು, ಒಂದು ಇದ್ದಿಲು ಇಡುವುದು ನಮ್ಮತ್ತೆ ಕಾಲದಿಂದ ಇದೆ. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ. ಡಾಕ್ಟ್ರು ನಗುತ್ತಾರೆ, ನಗಲಿ.

ಪಶುವೈದ್ಯ, ಹಾಸನ
ಡಿಸೆಂಬರ್ 10, ಬೆಳಗ್ಗೆ 9:00

ನಗುವುದಿಲ್ಲ ಅಕ್ಕಾ, ನಮ್ಮಮ್ಮನೂ ಇಡುತ್ತಾರೆ.

ಆದರೆ ಗುಡುಗಿನ ಮೇಲೆ ತಪ್ಪು ಹೊರಿಸುವ ಮುಂಚೆ ಹಾನುಬಾಳಿನವರಿಗೆ ಒಂದು ಮಾತು. ನಿಮ್ಮ ಜಪಾನಿ ಹುಂಜ, ಹೇಂಟೆ ಎರಡಕ್ಕೂ ಕಾಲು ಗಿಡ್ಡವೇ? ಹಾಗಿದ್ದರೆ ಎಲ್ಲ ಮೊಟ್ಟೆ ಒಡೆಯುವುದಿಲ್ಲ ಅಂತ ಈಗಲೇ ತಿಳಿದಿರಿ. ಆ ಗಿಡ್ಡ ಕಾಲು ಬರುವುದು ಒಂದು ಜೀನಿನಿಂದ. ತಂದೆ ತಾಯಿ ಇಬ್ಬರಿಂದಲೂ ಆ ಜೀನು ಬಂದ ಮರಿ ಮೊಟ್ಟೆಯೊಳಗೇ ಸಾಯುತ್ತದೆ, ಹೆಚ್ಚಿನವು ಮೊದಲ ವಾರದಲ್ಲೇ. ಸರಾಸರಿ ಲೆಕ್ಕದಲ್ಲಿ ನಾಲ್ಕರಲ್ಲಿ ಒಂದು ಹಾಗೆ ಹೋಗುತ್ತದೆ, ಎರಡು ಗಿಡ್ಡ ಕಾಲಿನವು, ಒಂದು ಉದ್ದ ಕಾಲಿನದು. ಆ ಉದ್ದ ಕಾಲಿನದನ್ನು ‘ತಳಿ ಸರಿ ಇಲ್ಲ’ ಅಂತ ಜನ ಮಾರಿಬಿಡುತ್ತಾರೆ. ಅದನ್ನು ಇಟ್ಟುಕೊಂಡು ಗಿಡ್ಡ ಕಾಲಿನದಕ್ಕೆ ಜೋಡಿ ಮಾಡಿದರೆ ಮೊಟ್ಟೆ ಈ ರೀತಿ ನಷ್ಟ ಆಗುವುದಿಲ್ಲ.

ಬೇಲೂರು ಟು ಬೆಂಗಳೂರು
ಡಿಸೆಂಬರ್ 10, ಬೆಳಗ್ಗೆ 11:20

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಬ್ಯಾಂಟಮ್ ಅನ್ನುವ ಹೆಸರು ಜಾವಾ ದ್ವೀಪದ ಬಾಂಟೆನ್ ಬಂದರಿನಿಂದ ಬಂತಂತೆ. ಹಡಗಿನವರು ಅಲ್ಲಿ ಸಣ್ಣ ಕೋಳಿ ಕೊಂಡು ಒಯ್ಯುತ್ತಿದ್ದರು. ಅರ್ಧ ಕೆಜಿಯೂ ತೂಗದ ಸೆರಾಮಾ ಮಲೇಷ್ಯಾದ್ದು. ನಮ್ಮ ಬೇಲೂರಿನಲ್ಲಿ ಮಾತ್ರ ಎಲ್ಲಕ್ಕೂ ಒಂದೇ ಹೆಸರು, ಫ್ಯಾನ್ಸಿ ಕೋಳಿ.

ಕಡೂರು ರಾಗಿ
ಡಿಸೆಂಬರ್ 10, ಮಧ್ಯಾಹ್ನ 12:00

ಅರ್ಧ ಕೆಜಿ ಕೋಳಿ ಇಟ್ಕೊಂಡು ಸಾರಿಗೆ ಏನು ಮಾಡ್ತೀರಪ್ಪ?

ಆಲೂರಿನ ಅಕ್ಕ
ಡಿಸೆಂಬರ್ 10, ಮಧ್ಯಾಹ್ನ 12:10

ನಿನ್ನ ಆರು ಗಿರಿರಾಜಕ್ಕೆ ಒಂದು ಗಟ್ಟಿ ಬಾಗಿಲು ಮಾಡಿಸು ಮೊದಲು. ಆಮೇಲೆ ಸಾರು.

ಹಾನುಬಾಳು ತೋಟ
ಡಿಸೆಂಬರ್ 13, ರಾತ್ರಿ 8:50

ಕೆಲಸ ಮುಗಿಯಿತು. ಇಬ್ಬರು ಸೇರಿ ಒಂದು ದಿನ ಹಿಡಿಯಿತು. ಹೆಂಚಿನ ಕೆಳಗೆ ಪೂರ್ತಿ ಅರ್ಧ ಇಂಚಿನ ಮೆಶ್, ಮುಂದೆಯೂ ಅದೇ. ಹಳೆ ತೆಳು ಜಾಲರಿ ಬಿಚ್ಚುವಾಗ ಕೆಳಗಿನ ಮೂಲೆಯಲ್ಲಿ ಕೈಗೇ ಪುಡಿಯಾಗಿ ಬಂತು. ಅರಸೀಕೆರೆ ಅಣ್ಣ ಹೇಳಿದ ಹಾಗೇ. ಹಲಸಿನ ಕೊಂಬೆ ಕಡಿಸಿದೆ, ಅಮ್ಮ ಎರಡು ದಿನ ಮಾತು ಬಿಟ್ಟಿದ್ದರು. ಆ ಕೊಂಬೆಯಲ್ಲೇ ಒಳ್ಳೆ ಹಣ್ಣು ಬರುತ್ತಿದ್ದದ್ದಂತೆ. ಕಣದ ಕಾಫಿಯನ್ನು ಸಂಜೆ ರಾಶಿ ಮಾಡಿ ಟಾರ್ಪಾಲಿನ ಅಂಚಿಗೆ ಕಲ್ಲು ಇಡಿಸುತ್ತಿದ್ದೇನೆ.

ಬಾಗಿಲ ಚಿಲಕಕ್ಕೆ ಕೊಕ್ಕೆಯೂ ಹಾಕಿದೆ. ಮೇಲಿನ ಕೋಲನ್ನು ಒಂದು ಅಡಿ ಕೆಳಗೆ ಇಳಿಸಿದೆ. ಹೇಂಟೆ ಅಡುಗೆಮನೆಯಲ್ಲಿ ಮಂಕರಿಯೊಳಗೆ ಕೂತು, ಒಗ್ಗರಣೆ ಹಾಕಿದಾಗಲೆಲ್ಲ ಗುರ್ ಅನ್ನುತ್ತಿದೆ.

ನಿನ್ನೆ ರಾತ್ರಿ ಅವನು ಬಂದಿದ್ದ. ಹೆಂಚಿನ ಮೇಲೆ ಟಕ್ ಟಕ್ ಸದ್ದು. ಟಾರ್ಚ್ ಬಿಟ್ಟೆ. ಎರಡು ಕಣ್ಣು ಮಿಂಚಿದವು. ಕಪ್ಪು ಮೂತಿ, ಉದ್ದ ಬಾಲ. ಒಂದು ಹೆಂಚು ಎತ್ತಿ, ಮೂತಿ ಇಳಿಸಿ, ತಂತಿ ಮೂಸಿ ನೋಡಿದ. ಹೆಂಚನ್ನು ಹಾಗೇ ಬಿಟ್ಟು ಗೋಡೌನಿನ ಮೇಲೆ ನಿಧಾನಕ್ಕೆ ನಡೆದು ಹೋದ. ಓಡಲೂ ಇಲ್ಲ.

ಪಶುವೈದ್ಯ, ಹಾಸನ
ಡಿಸೆಂಬರ್ 14, ಬೆಳಗ್ಗೆ 8:20

ಒಳ್ಳೆಯದಾಯಿತು. ಮರಿ ಒಡೆದ ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗಕ್ಕೆ (ರಾಣಿಖೇತ್ ಅನ್ನುತ್ತಾರಲ್ಲ, ಅದು) ಲಸೋಟಾ ಅನ್ನುವ ಲಸಿಕೆ ಹಾಕಿಸಿ. ಕಣ್ಣಿಗೆ ಒಂದು ಹನಿ. ಒಂದು ಸೀಸೆಯಲ್ಲಿ ನೂರಾರು ಕೋಳಿಗೆ ಆಗುವಷ್ಟು ಇರುತ್ತದೆ, ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಐದು ಮರಿಗೆ ಅಂತ ಒಡೆಯುವ ಬದಲು ಅಕ್ಕಪಕ್ಕದ ಮನೆಯವರಿಗೂ ಹೇಳಿ ಒಂದೇ ದಿನ ಹಾಕಿಸಿ. ತರುವಾಗ ಐಸ್ ಇರಲಿ.

ಇದನ್ನು ಯಾಕೆ ಇಲ್ಲಿ ಹೇಳುತ್ತಿದ್ದೇನೆ ಅಂದರೆ, ‘ಏನೋ ಹಿಡಿಯಿತು’ ಅಂತ ಬರುವವರ ಕೋಳಿಗಳಲ್ಲಿ ಕಾಯಿಲೆಯದೂ ಇರುತ್ತವೆ. ಮಂಕಾದ ಕೋಳಿ ಗುಂಪು ಬಿಟ್ಟು ಪೊದೆ ಸೇರುತ್ತದೆ. ಅಲ್ಲಿ ಮುಂಗುಸಿಗೆ ಸಿಗುತ್ತದೆ. ನಾವು ಮುಂಗುಸಿಯನ್ನು ಬೈಯುತ್ತೇವೆ, ಉಳಿದ ಕೋಳಿಗೆ ರೋಗ ಹಬ್ಬುತ್ತಿರುತ್ತದೆ.

ಹಾನುಬಾಳು ತೋಟ
ಡಿಸೆಂಬರ್ 21, ಬೆಳಗ್ಗೆ 7:45

ಮರಿ ಆದವು! ಎಂಟರಲ್ಲಿ ಐದು. ಉಳಿದ ಮೂರನ್ನು ಒಡೆದು ನೋಡಿದೆ. ಒಂದರಲ್ಲಿ ಏನೂ ಇಲ್ಲ, ಎರಡರಲ್ಲಿ ಶುರುವಿನಲ್ಲೇ ನಿಂತು ಹೋಗಿತ್ತು. ಡಾಕ್ಟ್ರು ಹೇಳಿದ್ದು ಇದೇ ಇರಬೇಕು. ಐದರಲ್ಲಿ ಒಂದು ಮರಿಯ ಕಾಲು ನೋಡಿದರೇ ಗೊತ್ತಾಗುತ್ತದೆ, ಉಳಿದವಕ್ಕಿಂತ ಉದ್ದ. ಅದನ್ನು ಮಾರುವುದಿಲ್ಲ ಅಂತ ಮಗಳು ಆಗಲೇ ಹೆಸರಿಟ್ಟಿದ್ದಾಳೆ, ಕೊಕ್ಕರೆ. ಲಸಿಕೆ ಹಾಕಿಸುವ ರೋಗಕ್ಕೂ ಅದೇ ಹೆಸರು ಅಂತ ಅವಳಿಗೆ ಇನ್ನೂ ಹೇಳಿಲ್ಲ.

ಅರಸೀಕೆರೆ ತೆಂಗು
ಡಿಸೆಂಬರ್ 21, ಬೆಳಗ್ಗೆ 8:10

ಮೂರು ವಾರ ನೆಲಕ್ಕೆ ಬಿಡಬೇಡಿ, ಬಿಟ್ಟರೂ ಮೇಲೆ ಜಾಲರಿ ಇರುವ ಜಾಗದಲ್ಲಿ ಮಾತ್ರ. ನೀರಿನ ತಟ್ಟೆಗೆ ನಾಲ್ಕು ಬೆಣಚು ಕಲ್ಲು ಹಾಕಿಡಿ. ಬ್ಯಾಂಟಮ್ ಮರಿ ಅರ್ಧ ಇಂಚು ನೀರಿಗೆ ಬಿದ್ದು ಸಾಯುತ್ತದೆ. ಅದಕ್ಕೆ ಯಾವ ಪುನುಗೂ ಬೇಕಾಗಿಲ್ಲ.

ಹಾನುಬಾಳು ತೋಟ
ಜನವರಿ 6, ಸಂಜೆ 6:50

ತುಂಬಾ ಜನ ಏನಾಯಿತು ಅಂತ ಕೇಳುತ್ತಿದ್ದೀರಿ. ಆಮೇಲೆ ಒಂದೂ ಹೋಗಿಲ್ಲ. ಲಸಿಕೆ ಡಿಸೆಂಬರ್ 27ಕ್ಕೆ ಹಾಕಿಸಿದೆ, ಪಕ್ಕದ ನಾಲ್ಕು ಮನೆಯವರೂ ತಂದಿದ್ದರು.

ಗೋಡೆ ಮೇಲೆ ಕಾಫಿ ಬೀಜದ ಹಿಕ್ಕೆ ಈಗಲೂ ವಾರಕ್ಕೆರಡು ಸಲ ಬೀಳುತ್ತದೆ. ಬೀಳಲಿ. ರೋಬಸ್ಟಾ ಕಾಫಿ ಇನ್ನೂ ಗಿಡದಲ್ಲಿದೆ, ಅವನಿಗೆ ಊಟಕ್ಕೆ ಬರ ಇಲ್ಲ.

ಈಗ ತಾನೇ ಎಣಿಸಿ ಬಂದೆ. ಹತ್ತೇ ಇತ್ತು. ಎದೆ ಧಸಕ್ಕೆಂದಿತು. ಟಾರ್ಚ್ ತಂದು ಹೆಂಚು, ಮೂಲೆ, ಚಿಲಕ ಎಲ್ಲ ನೋಡಿದೆ. ಆಮೇಲೆ ಮಗಳು ಬಂದು ಸಿಲ್ಕಿಯನ್ನು ಎತ್ತಿ ತೋರಿಸಿದಳು. ಕೊಕ್ಕರೆ ಅದರ ಹೊಟ್ಟೆ ಕೆಳಗೆ ನಿದ್ದೆ ಮಾಡುತ್ತಿತ್ತು. ಹನ್ನೊಂದು.